ಸ್ಟ್ಯಾಂಡಿನ ಆಚೆ ಬದಿಯ ಆಟಗಾರ

ಮಾನ್ಯ ಸಂಪಾದಕರೇ,

ಇಂಗ್ಲೆಂಡಿನ ಲೀಡ್ಸ್ ಊರಿನ ಹೆಡಿಂಗ್ಲೆ ಮೈದಾನದ ಹೆಸರು ನಿಮ್ಮ ಓದುಗರಿಗೆ ಹೊಸದಲ್ಲ. 2002ರಲ್ಲಿ ದ್ರಾವಿಡ್ 148 ಹೊಡೆದು ಪಂದ್ಯಶ್ರೇಷ್ಠರಾದದ್ದು ಅಲ್ಲೇ. ಅದೇ ಪಂದ್ಯದಲ್ಲಿ ಕುಂಬ್ಳೆ ಏಳು ವಿಕೆಟ್ ತೆಗೆದರು. 2025ರ ಜೂನ್‌ನಲ್ಲಿ ಕೆ.ಎಲ್. ರಾಹುಲ್ 137 ಹೊಡೆದದ್ದೂ ಅಲ್ಲೇ, ಆ ಟೆಸ್ಟ್ ನಾವು ಸೋತರೂ ಅವತ್ತಿನ ಆಟ ನೋಡಿದವರು ಬೇಗ ಮರೆಯಲಾರರು. ಆ ಮೈದಾನದಲ್ಲಿ ಒಂದು ದೊಡ್ಡ ಸ್ಟ್ಯಾಂಡ್ ಇದೆ. ಅದರ ಒಂದು ಮುಖ ಕ್ರಿಕೆಟ್ ಕಡೆಗೆ, ಇನ್ನೊಂದು ಮುಖ ರಗ್ಬಿ ಕಡೆಗೆ. ಎರಡು ಮೈದಾನ ಬೆನ್ನಿಗೆ ಬೆನ್ನು ಕೊಟ್ಟು ಕೂತ ಹಾಗೆ. ನಾನು ಇವತ್ತು ಬರೆಯುತ್ತಿರುವುದು ಆ ಸ್ಟ್ಯಾಂಡಿನ ಆಚೆ ಬದಿಯಲ್ಲಿ ಆಡಿದ ಒಬ್ಬರ ಬಗ್ಗೆ.

ಅವರ ಹೆಸರು ರಾಬ್ ಬರೋ. 2024ರ ಜೂನ್ 2ರಂದು ತೀರಿಕೊಂಡರು. ವಯಸ್ಸು ಬರೀ 41. ನಾನು ತೀರ್ಥಹಳ್ಳಿ ಕಡೆಯವನು, ಕೆಲಸದ ಮೇಲೆ ಬಂದು ಲೀಡ್ಸ್‌ನಲ್ಲೇ ಉಳಿದೆ. ಬರುವಾಗ ರಗ್ಬಿ ಲೀಗ್ ಅಂದರೆ ಏನು ಅಂತಲೇ ಗೊತ್ತಿರಲಿಲ್ಲ. ಈಗ ಪ್ರತಿ ಜೂನ್‌ನಲ್ಲಿ ಆ ದಿನ ಹತ್ತಿರ ಬಂದಂತೆ ಮನಸ್ಸು ಭಾರವಾಗುತ್ತದೆ.

ಆಟದ ಬಗ್ಗೆ ಎರಡು ಮಾತು ಹೇಳಬೇಕು. ರಗ್ಬಿಯಲ್ಲಿ ಎರಡು ಬಗೆ. 15 ಜನ ಆಡುವುದು ಯೂನಿಯನ್, 13 ಜನ ಆಡುವುದು ಲೀಗ್. ಈ ಲೀಗ್ ಹುಟ್ಟಿದ್ದೇ 1895ರಲ್ಲಿ, ಲೀಡ್ಸ್ ಪಕ್ಕದ ಹಡರ್ಸ್‌ಫೀಲ್ಡ್ ಊರಿನ ಒಂದು ಹೋಟೆಲಿನಲ್ಲಿ. ಗಣಿಯಲ್ಲಿ, ಮಿಲ್ಲಿನಲ್ಲಿ ದುಡಿಯುವವರು ಶನಿವಾರ ಆಟಕ್ಕೆ ಹೋದರೆ ಆ ದಿನದ ಕೂಲಿ ಹೋಗುತ್ತಿತ್ತು. ಅದನ್ನು ತುಂಬಿಕೊಡಿ ಅಂತ ಉತ್ತರದ ಕ್ಲಬ್‌ಗಳು ಕೇಳಿದವು. ಆಟದ ಆಡಳಿತ ನಡೆಸುತ್ತಿದ್ದವರು ಆಗುವುದಿಲ್ಲ ಅಂದರು. ಸರಿ, ನಮ್ಮದು ನಾವು ನೋಡಿಕೊಳ್ಳುತ್ತೇವೆ ಅಂತ ಆ ಕ್ಲಬ್‌ಗಳು ಬೇರೆಯಾದವು. ಹಾಗಾಗಿ ಇದು ದುಡಿಯುವ ಜನರ ಆಟ, ಇವತ್ತಿಗೂ ಸ್ಟ್ಯಾಂಡಿನಲ್ಲಿ ಕೂತರೆ ಅದು ಗೊತ್ತಾಗುತ್ತದೆ. ನಮ್ಮವರಿಗೆ ಸುಲಭವಾಗಿ ಹೇಳಬೇಕೆಂದರೆ ಕಬಡ್ಡಿಯಲ್ಲಿ ರೈಡರ್‌ನನ್ನು ಹಿಡಿದು ಕೆಡವುತ್ತಾರಲ್ಲ, ಹಾಗೆ ಚೆಂಡು ಹಿಡಿದು ಓಡುವವನನ್ನು ಕೆಡವುತ್ತಾರೆ. ಆರು ಸಲ ಕೆಡವಿಸಿಕೊಳ್ಳುವಷ್ಟರಲ್ಲಿ ಏನಾದರೂ ಮಾಡಬೇಕು, ಇಲ್ಲದಿದ್ದರೆ ಚೆಂಡು ಎದುರಾಳಿಗೆ.

ಕೆಡವಲು ಬರುವವರು ನೂರು ಕಿಲೋ ತೂಗುವ ಗಂಡಸರು. ಬರೋ ಅವರ ಎತ್ತರ ಐದಡಿ ಐದಿಂಚು. ಇಷ್ಟು ಗಿಡ್ಡ ಹುಡುಗ ಇಲ್ಲಿ ಉಳಿಯಲ್ಲ ಅಂತ ಚಿಕ್ಕಂದಿನಿಂದಲೂ ಕೇಳಿಸಿಕೊಂಡು ಬಂದವರು. ಆದರೆ 2001ರಿಂದ 2017ರವರೆಗೆ ಲೀಡ್ಸ್ ರೈನೋಸ್ ಒಂದೇ ತಂಡಕ್ಕೆ ಆಡಿದರು, ಸುಮಾರು 490 ಪಂದ್ಯ. ಇಲ್ಲಿನ ಅತಿ ದೊಡ್ಡ ಟೂರ್ನಿಯಾದ ಸೂಪರ್ ಲೀಗ್‌ನ ಗ್ರ್ಯಾಂಡ್ ಫೈನಲ್, ಅಂದರೆ ವರ್ಷದ ಕೊನೆಯ ಪ್ರಶಸ್ತಿ ಪಂದ್ಯ, ಎಂಟು ಸಲ ಗೆದ್ದರು. 2011ರ ಫೈನಲ್ ಒಂದನ್ನು ನೋಡಿದರೆ ಸಾಕು, ವಿಡಿಯೊ ಸುಲಭವಾಗಿ ಸಿಗುತ್ತದೆ. ಮ್ಯಾಂಚೆಸ್ಟರಿನ ಓಲ್ಡ್ ಟ್ರಾಫರ್ಡ್ ಫುಟ್‌ಬಾಲ್ ಮೈದಾನ ತುಂಬಿದೆ, ಎದುರಿಗೆ ಸೇಂಟ್ ಹೆಲೆನ್ಸ್ ತಂಡ. ಚೆಂಡು ಕೈಗೆ ಸಿಕ್ಕಿದ್ದೇ ತಡ, ಹಿಡಿಯಲು ಬಂದವನ ತೋಳಿನ ಕೆಳಗೆ ತಲೆ ತಗ್ಗಿಸಿ ನುಸುಳುತ್ತಾರೆ, ಆಮೇಲೆ ಹಿಂದಿನವರಿಗೂ ಸಿಗದೆ, ಮುಂದಿನವನಿಗೂ ಸಿಗದೆ ಅಂಕದ ಗೆರೆ ದಾಟಿಬಿಡುತ್ತಾರೆ, ನಾನು ಅದನ್ನು ಎಷ್ಟು ಸಲ ನೋಡಿದ್ದೇನೋ ಲೆಕ್ಕವಿಲ್ಲ. ಲೀಡ್ಸ್ 32-16ರಿಂದ ಗೆದ್ದಿತು. ಪಂದ್ಯಶ್ರೇಷ್ಠ ಬರೋ ಅವರೇ.

2017ರಲ್ಲಿ ಎಂಟನೆಯ ಪ್ರಶಸ್ತಿ ಗೆದ್ದು ನಿವೃತ್ತರಾದರು. ಎರಡೇ ವರ್ಷ. 2019ರ ಡಿಸೆಂಬರ್‌ನಲ್ಲಿ ಮೋಟಾರ್ ನ್ಯೂರಾನ್ ಕಾಯಿಲೆ ಅಂತ ಗೊತ್ತಾಯಿತು. ಇಲ್ಲಿ ಅದನ್ನು ಎಂಎನ್‌ಡಿ ಅನ್ನುತ್ತಾರೆ. ಸ್ಟೀಫನ್ ಹಾಕಿಂಗ್ ಅವರಿಗೆ ಬಂದಿದ್ದ ಕಾಯಿಲೆ ಅಂದರೆ ಎಲ್ಲರಿಗೂ ಗೊತ್ತಾಗುತ್ತದೆ. ಮಾಂಸಖಂಡಗಳಿಗೆ ಅಲ್ಲಾಡು ಅಂತ ಹೇಳುವ ನರಕೋಶಗಳು ಒಂದೊಂದಾಗಿ ಸಾಯುತ್ತವೆ. ಕೈ ಹೋಗುತ್ತದೆ, ಕಾಲು ಹೋಗುತ್ತದೆ, ಮಾತು ತೊದಲುತ್ತದೆ, ನುಂಗುವುದು ಕಷ್ಟವಾಗುತ್ತದೆ, ಕೊನೆಗೆ ಉಸಿರು. ಹೆಚ್ಚಿನವರಿಗೆ ಬುದ್ಧಿ ಚುರುಕಾಗಿಯೇ ಇರುತ್ತದೆ, ಆಗುತ್ತಿರುವುದೆಲ್ಲ ಗೊತ್ತಾಗುತ್ತಿರುತ್ತದೆ. ಹಾಕಿಂಗ್ ಐವತ್ತು ವರ್ಷದ ಮೇಲೆ ಬದುಕಿದ್ದು ತೀರಾ ಅಪರೂಪ. ಕಾಯಿಲೆ ಗೊತ್ತಾದ ಎರಡು ವರ್ಷದೊಳಗೆ ಅರ್ಧಕ್ಕಿಂತ ಜಾಸ್ತಿ ಜನ ಹೋಗಿಬಿಡುತ್ತಾರೆ. ವಾಸಿ ಮಾಡುವ ಮದ್ದು ಇನ್ನೂ ಬಂದಿಲ್ಲ.

ಈ ಕಾಯಿಲೆ ನನಗೆ ಮೊದಲೇ ಗೊತ್ತಿತ್ತು, ಸರ್. ನನ್ನ ಸೋದರಮಾವನಿಗೆ ಬಂದಿತ್ತು. ಊರಿನ ಕಬಡ್ಡಿ ತಂಡದಲ್ಲಿ ಆಡಿದವರು, ಅಡಿಕೆ ಮರವನ್ನು ನೋಡುನೋಡುತ್ತಿದ್ದಂತೆ ಹತ್ತಿ ಇಳಿಯುತ್ತಿದ್ದವರು. ಮೊದಲು ಕೈಯಿಂದ ಲೋಟ ಜಾರತೊಡಗಿತು. ಅಂಗಿಯ ಗುಂಡಿ ಹಾಕಲು ಆಗುತ್ತಿರಲಿಲ್ಲ. ಒಬ್ಬರು ಕತ್ತಿನ ಮೂಳೆ ಸವೆದಿದೆ ಅಂದರು, ಇನ್ನೊಬ್ಬರು ಬಿ12 ಇಂಜೆಕ್ಷನ್ ಕೊಟ್ಟರು, ಯಾರೋ ಮಾಟ ಅಂದರು, ತಡೆ ಒಡೆಸಿದ್ದೂ ಆಯಿತು. ಕಾಯಿಲೆಯ ಹೆಸರು ಗೊತ್ತಾಗಲು ಒಂದು ವರ್ಷದ ಮೇಲೆ ಹಿಡಿಯಿತು. ಹೆಸರು ಗೊತ್ತಾದ ಮೇಲೆ ಮಾವ ಮನೆಯಿಂದ ಹೊರಗೆ ಬರುವುದನ್ನು ಬಿಟ್ಟರು. ಜೊಲ್ಲು ಸುರಿಯುವುದನ್ನು ಜನ ನೋಡಬಾರದು ಅಂತ. ಮದುವೆಗೆ ಬರಲಿಲ್ಲ, ತೋಟಕ್ಕೆ ಹೋಗಲಿಲ್ಲ, ನೆಂಟರು ಬಂದರೆ ಒಳಕೋಣೆಯ ಬಾಗಿಲು ಹಾಕಿಸುತ್ತಿದ್ದರು. ಅವರು ತೀರಿಕೊಂಡಾಗ ಅರ್ಧ ಊರಿಗೆ ಏನು ಕಾಯಿಲೆ ಅಂತಲೇ ಗೊತ್ತಿರಲಿಲ್ಲ. ಪಾರ್ಶ್ವವಾಯು ಇರಬೇಕು ಅಂದುಕೊಂಡರು. ನಾವೂ ತಿದ್ದಲಿಲ್ಲ.

ಅದಕ್ಕೇ ಬರೋ ಮಾಡಿದ್ದು ನೋಡಿ ನಾನು ಕರಗಿಹೋದೆ. ಅವರು ಬಾಗಿಲು ತೆಗೆದರು. ಮನೆಯೊಳಗೆ ಕ್ಯಾಮೆರಾ ಬಿಟ್ಟರು. ಹೆಂಡತಿ ಲಿಂಡ್ಸೆ ಊಟ ಮಾಡಿಸುವುದನ್ನು, ಎತ್ತಿ ಕೂರಿಸುವುದನ್ನು ಇಡೀ ದೇಶ ನೋಡಿತು. ಗಟ್ಟಿಮುಟ್ಟಾದ ಮೈಯಿಂದ ಹೆಸರು ಮಾಡಿದವರು ಆ ಮೈ ಕರಗುವುದನ್ನು ತೋರಿಸಲು ಒಪ್ಪುವುದು ಸಣ್ಣ ವಿಷಯವೇ? ಮಾತು ಹೋದ ಮೇಲೆ ಕಣ್ಣಿನ ಚಲನೆಯಿಂದ ಅಕ್ಷರ ಆರಿಸುವ ಯಂತ್ರದ ಮೂಲಕ ಮಾತಾಡುತ್ತಿದ್ದರು, ಆ ಯಂತ್ರದಿಂದ ಬರುತ್ತಿದ್ದದ್ದು ಮೊದಲೇ ರೆಕಾರ್ಡ್ ಮಾಡಿ ಉಳಿಸಿದ್ದ ಅವರದ್ದೇ ಯಾರ್ಕ್‌ಶೈರ್ ದನಿ.

ಆಮೇಲೆ ಅವರ ಹಳೆಯ ನಾಯಕ ಕೆವಿನ್ ಸಿನ್‌ಫೀಲ್ಡ್. ಬರೋ ಅವರ ಜೆರ್ಸಿ ನಂಬರ್ 7. ಅದಕ್ಕಾಗಿ 2020ರ ಡಿಸೆಂಬರ್‌ನಲ್ಲಿ ಸಿನ್‌ಫೀಲ್ಡ್ ಎಂಎನ್‌ಡಿ ಪರ ಹಣ ಕೂಡಿಸಲು ಏಳು ದಿನದಲ್ಲಿ ಏಳು ಮ್ಯಾರಥಾನ್ ಓಡಿದರು. ಇಟ್ಟುಕೊಂಡ ಗುರಿ 77,777 ಪೌಂಡ್. ಬಂದದ್ದು 20 ಲಕ್ಷಕ್ಕೂ ಜಾಸ್ತಿ. ಕೋವಿಡ್ ಕಾಲ ಅದು, ಜನರ ಕೈಯಲ್ಲೂ ಹಣ ಇರಲಿಲ್ಲ, ಆದರೂ ಐದು ಪೌಂಡ್, ಹತ್ತು ಪೌಂಡ್ ಅಂತ ಕಳಿಸಿದರು. ಮುಂದಿನ ವರ್ಷ ಲೆಸ್ಟರ್‌ನಿಂದ ಲೀಡ್ಸ್‌ಗೆ 24 ಗಂಟೆಯಲ್ಲಿ 101 ಮೈಲಿ. ಅದರ ಮುಂದಿನ ವರ್ಷ ಎಡಿನ್‌ಬರೋದಿಂದ ಮ್ಯಾಂಚೆಸ್ಟರ್‌ವರೆಗೆ. 2023ರ ಮೇ 14ರಂದು ಲೀಡ್ಸ್‌ನಲ್ಲಿ ಬರೋ ಅವರ ಹೆಸರಿನಲ್ಲೇ ಮೊದಲ ಮ್ಯಾರಥಾನ್ ನಡೆಯಿತು. ಸಿನ್‌ಫೀಲ್ಡ್ ಗೆಳೆಯನನ್ನು ಗಾಲಿಕುರ್ಚಿಯಲ್ಲಿ ತಳ್ಳಿಕೊಂಡೇ 26 ಮೈಲಿ ಓಡಿದರು. ಕೊನೆಯ ಗೆರೆ ಇನ್ನೇನು ನಾಲ್ಕು ಹೆಜ್ಜೆ ಇದೆ ಅನ್ನುವಾಗ ನಿಂತರು. ಬರೋ ಅವರನ್ನು ಎರಡೂ ಕೈಯಲ್ಲಿ ಮಗುವಿನ ಹಾಗೆ ಎತ್ತಿಕೊಂಡು ಗೆರೆ ದಾಟಿ ಮುತ್ತು ಕೊಟ್ಟರು.

ಆ ವಿಡಿಯೊವನ್ನು ನಾನು ಊರಿಗೆ, ಅತ್ತೆಗೆ ವಾಟ್ಸಪ್‌ನಲ್ಲಿ ಕಳಿಸಿದೆ. ಕಳಿಸಬೇಕೋ ಬೇಡವೋ ಅಂತ ಎರಡು ದಿನ ಯೋಚಿಸಿ ಕಳಿಸಿದೆ. ಅತ್ತೆ ರಾತ್ರಿ ಫೋನ್ ಮಾಡಿದರು. ಎತ್ತಿಕೊಂಡವರು ಯಾರು, ಏನು ಆಟ, ಒಂದೂ ಕೇಳಲಿಲ್ಲ. “ಆ ಹುಡುಗನ ಹೆಂಡತಿಗೆ ರಾತ್ರಿ ನಿದ್ದೆ ಆಗ್ತದೇನೋ?” ಅಂತ ಕೇಳಿದರು. ಅಷ್ಟೇ. ಎರಡು ಗಂಟೆಗೊಮ್ಮೆ ಎದ್ದು ಮಾವನನ್ನು ಮಗ್ಗುಲು ಬದಲಾಯಿಸಿದ ಕೈ ಅದು. ಆಮೇಲೆ ಒಂದು ಗಂಟೆ ಮಾತಾಡಿದರು. ಮಾವನ ಕೊನೆಯ ದಿನಗಳ ಬಗ್ಗೆ ಅವರು ನನ್ನ ಹತ್ತಿರ ಬಾಯಿಬಿಟ್ಟಿದ್ದು ಅದೇ ಮೊದಲು.

ಇಲ್ಲಿನ ಅಭಿಮಾನಿಗಳ ಬಗ್ಗೆ ಹೇಳದಿದ್ದರೆ ಈ ಪತ್ರಕ್ಕೆ ಅರ್ಥವಿಲ್ಲ. ಬರೋ ಹೋದ ಸುದ್ದಿ ಬಂದ ಸಂಜೆಯಿಂದಲೇ ಹೆಡಿಂಗ್ಲೆ ಗೇಟಿನ ಮುಂದೆ ಹೂವು. ನಾನೂ ಮಗಳನ್ನು ಕರೆದುಕೊಂಡು ಹೋದೆ. ಲೀಡ್ಸ್‌ನ ನೀಲಿ, ಹಳದಿ ಜೆರ್ಸಿಗಳ ಜೊತೆಗೆ ಬೇರೆ ಕ್ಲಬ್‌ಗಳ ಜೆರ್ಸಿಗಳೂ ಇದ್ದವು, ಮೈದಾನದಲ್ಲಿ ಹಲ್ಲು ಕಡಿದುಕೊಂಡು ನಿಲ್ಲುವವರ ಜೆರ್ಸಿಗಳು. ಯಾರೂ ಕೂಗಲಿಲ್ಲ. ವಯಸ್ಸಾದವರು ಬಂದು ಸುಮ್ನೆ ನಿಂತು, ಓದಿ, ಕಣ್ಣೊರೆಸಿಕೊಂಡು ಹೋಗುತ್ತಿದ್ದರು. ಮುಂದಿನ ಶನಿವಾರ ಲಂಡನ್ನಿನ ವೆಂಬ್ಲಿಯಲ್ಲಿ ರಗ್ಬಿ ಲೀಗ್‌ನ ಚಾಲೆಂಜ್ ಕಪ್ ಫೈನಲ್. ಆಡಿದ್ದು ಲೀಡ್ಸ್ ಅಲ್ಲ, ವಿಗನ್ ಮತ್ತು ವಾರಿಂಗ್ಟನ್. ಆದರೂ ಪಂದ್ಯವನ್ನು ಮಧ್ಯಾಹ್ನ 3 ಗಂಟೆ 7 ನಿಮಿಷಕ್ಕೆ ಶುರು ಮಾಡಿದರು. ಆ ಏಳು ನಿಮಿಷ ಅವರಿಗೆ. ಅಂತ್ಯಕ್ರಿಯೆ ನಡೆದದ್ದು ಏಳನೆಯ ತಿಂಗಳ ಏಳನೆಯ ತಾರೀಖು. ಅವರು ಹುಟ್ಟಿದ ಪಾಂಟಿಫ್ರಾಕ್ಟ್ ಕಡೆಯ ರಸ್ತೆಗಳಲ್ಲಿ ಜನ ಎರಡೂ ಬದಿ ನಿಂತು ಚಪ್ಪಾಳೆ ತಟ್ಟುತ್ತ ಕಳಿಸಿಕೊಟ್ಟರು. ಗ್ರ್ಯಾಂಡ್ ಫೈನಲ್‌ನ ಪಂದ್ಯಶ್ರೇಷ್ಠ ಪ್ರಶಸ್ತಿಗೂ ಈಗ ಅವರದ್ದೇ ಹೆಸರು.

ಆದರೆ ನನ್ನನ್ನು ಹೆಚ್ಚು ತಟ್ಟಿದ್ದು ಜೂನ್ 3, ಅಂದರೆ ಅವರು ತೀರಿಕೊಂಡ ಮರುದಿನ. ಲೀಡ್ಸ್‌ನ ಸೀಕ್ರಾಫ್ಟ್ ಆಸ್ಪತ್ರೆಯಲ್ಲಿ ಅವರ ಹೆಸರಿನ ಎಂಎನ್‌ಡಿ ಕೇಂದ್ರಕ್ಕೆ ಮೊದಲ ಗುದ್ದಲಿ ಹಾಕುವ ದಿನ ಅದು, ಮೊದಲೇ ಗೊತ್ತು ಮಾಡಿದ್ದು. ನಿಲ್ಲಿಸಬಹುದಿತ್ತು. ನಿಲ್ಲಿಸಲಿಲ್ಲ. ಅವರ ತಂದೆತಾಯಿಯೇ ಬಂದು ನಿಂತರು. ಬರೋ ಅವರಿಗೆ ಚಿಕಿತ್ಸೆ ಕೊಟ್ಟ ಡಾ. ಅಗಮ್ ಜಂಗ್ ಅವರ ಕನಸು ಅದು. ರೋಗಿಗಳು ಒಂದೊಂದು ಪರೀಕ್ಷೆಗೆ ಒಂದೊಂದು ಕಟ್ಟಡ ಸುತ್ತದೆ ಎಲ್ಲವೂ ಒಂದೇ ಕಡೆ ಸಿಗಬೇಕು ಅಂತ. ಬೇಕಾಗಿದ್ದ 68 ಲಕ್ಷ ಪೌಂಡ್‌ಗೆ ದಾರಿಯಾದದ್ದು ಓಡಿದವರು, ಕೇಕ್ ಮಾಡಿ ಮಾರಿದವರು, ಹೀಗೆ ಜನರೇ. ಪ್ರತಿ ಮೇ ತಿಂಗಳ ಮ್ಯಾರಥಾನ್‌ನಲ್ಲಿ ಓಡುವವರ ಬೆನ್ನ ಮೇಲೆ ತಮ್ಮ ಅಪ್ಪನ, ಅಕ್ಕನ, ಗೆಳೆಯನ ಹೆಸರು ಇರುತ್ತದೆ. ಬರೋ ಅವರ ನೆಪದಲ್ಲಿ ಎಷ್ಟೋ ಮನೆಗಳ ಒಳಕೋಣೆಯ ಹೆಸರುಗಳು ಬೀದಿಗೆ ಬಂದವು ಅನ್ನಿಸಿತು. ನಾನು ಹತ್ತು ಕಿಲೋಮೀಟರ್ ಓಡುವವನಷ್ಟೇ. ಆದರೂ ಒಂದು ಬಟ್ಟೆಯ ಮೇಲೆ ಕನ್ನಡದಲ್ಲಿ ಮಾವನ ಹೆಸರು ಬರೆದು ಬೆನ್ನಿಗೆ ಪಿನ್ ಹಾಕಿಕೊಂಡು ಓಡಿದೆ. ದಾರಿಯಲ್ಲಿ ಒಬ್ಬ ಅಜ್ಜಿ ಅದು ಯಾವ ಭಾಷೆ, ಯಾರ ಹೆಸರು ಅಂತ ಕೇಳಿದರು. ನಿಂತು ಹೇಳಿದೆ.

ಸಂಪಾದಕರೇ, ನನ್ನದೊಂದು ಬೇಡಿಕೆ. ಕ್ರಿಕೆಟ್ ಬಗ್ಗೆ ನೀವು ಎಷ್ಟು ಚೆನ್ನಾಗಿ ಬರೆಯುತ್ತೀರಿ, ಅದನ್ನು ಓದಿಯೇ ನಾನು ಹೆಡಿಂಗ್ಲೆಯನ್ನು ಕಣ್ಣಾರೆ ಕಾಣುವ ಮೊದಲೇ ಕಂಡವನು. ಜೂನ್ 2ರಂದು ಕ್ರೀಡಾಪುಟದಲ್ಲಿ ಅರ್ಧ ಕಾಲಂ ಈ ಐದಡಿ ಐದಿಂಚಿನ ಆಟಗಾರನಿಗೆ ಕೊಡಿ. ಆರೋಗ್ಯ ಪುಟದಲ್ಲಿ ಇನ್ನರ್ಧ ಕಾಲಂ ಈ ಕಾಯಿಲೆಗೆ ಕೊಡಿ. ನಿಮ್ಹಾನ್ಸ್‌ನಂತಹ ಕಡೆ ಇದನ್ನು ನೋಡುವ ನರರೋಗ ತಜ್ಞರಿದ್ದಾರೆ, ಅವರಿಂದಲೇ ಸುಲಭ ಕನ್ನಡದಲ್ಲಿ ಬರೆಸಿ. ಕೈಯಿಂದ ವಸ್ತು ಜಾರುವುದು, ಹೆಬ್ಬೆರಳಿನ ಬುಡದ ಮಾಂಸ ಇಳಿಯುವುದು, ಮಾತು ತೊದಲುವುದು, ನೋವಿಲ್ಲದೆಯೇ ಶಕ್ತಿ ಹೋಗುವುದು, ಇವು ಕಂಡರೆ ನರರೋಗ ತಜ್ಞರ ಹತ್ತಿರ ಬೇಗ ಹೋಗಿ ಅಂತ ಒಂದು ಸಾಲು ಇರಲಿ. ರೋಗಿಯನ್ನು ನೋಡಿಕೊಳ್ಳುವವರಿಗೆ ಎರಡು ಸಾಲು ಇರಲಿ. ಹೇಗೆ ಎತ್ತಬೇಕು, ಹೇಗೆ ಕೂರಿಸಿ ಊಟ ಕೊಡಬೇಕು, ದನಿ ಹೋಗುವ ಮೊದಲು ಫೋನಿನಲ್ಲಾದರೂ ರೆಕಾರ್ಡ್ ಮಾಡಿಡಿ ಅಂತ. ಮಾವನ ದನಿ ನಮ್ಮ ಹತ್ತಿರ ಇಲ್ಲ. ಒಂದು ಮದುವೆಯ ವಿಡಿಯೊದಲ್ಲಿ ದೂರದಿಂದ ಯಾರನ್ನೋ ಊಟಕ್ಕೆ ಕರೆಯುವುದು ಕೇಳಿಸುತ್ತದೆ, ಅತ್ತೆ ಅದನ್ನೇ ಮತ್ತೆ ಮತ್ತೆ ಹಾಕಿ ಕೇಳುತ್ತಾರೆ.

ಆ ಪುಟ ಬಂದ ದಿನ ತಿಳಿಸಿ. ಊರಿನಲ್ಲಿ ಪೇಪರ್ ಹಾಕುವ ಹುಡುಗನಿಗೆ ಹತ್ತು ಪ್ರತಿ ಜಾಸ್ತಿ ತರಲು ಹೇಳುತ್ತೇನೆ.

ಇಂತಿ ನಿಮ್ಮ ಹಳೆಯ ಓದುಗ,
ಲೀಡ್ಸ್, ಇಂಗ್ಲೆಂಡ್
(ಊರು: ತೀರ್ಥಹಳ್ಳಿ ತಾಲ್ಲೂಕು)