ಸರಾಸರಿ ಬೇಡ, ಡಿಪೋವಾರು ಲೆಕ್ಕ ಕೊಡಿ: ಸಾರಿಗೆ ಸಚಿವರಿಗೆ ಬಾಗಲಕೋಟೆಯಿಂದ ಬಹಿರಂಗ ಪತ್ರ

ಇವರಿಗೆ,
ಮಾನ್ಯ ಸಾರಿಗೆ ಸಚಿವರು,
ಕರ್ನಾಟಕ ಸರ್ಕಾರ, ವಿಧಾನಸೌಧ, ಬೆಂಗಳೂರು.

ವಿಷಯ: ವಾಯವ್ಯ ಕರ್ನಾಟಕ ರಸ್ತೆ ಸಾರಿಗೆ ನಿಗಮದ ವಾರ್ಷಿಕ ವರದಿಯಲ್ಲಿ ಡಿಪೋವಾರು, ಸುತ್ತುವಳಿವಾರು (ಪ್ರತಿ ಟ್ರಿಪ್ಪಿನ) ಲೆಕ್ಕ ಸೇರಿಸುವ ಕುರಿತು.

ಮಾನ್ಯರೇ,

1950ರ ರಸ್ತೆ ಸಾರಿಗೆ ನಿಗಮಗಳ ಕಾಯ್ದೆಯ 35ನೇ ಕಲಮಿನಂತೆ ಪ್ರತಿ ಆರ್ಥಿಕ ವರ್ಷ ಮುಗಿದ ಮೇಲೆ ನಿಗಮ ತಾನು ಮಾಡಿದ ಕೆಲಸದ ವರದಿಯನ್ನು ಸರ್ಕಾರಕ್ಕೆ ಒಪ್ಪಿಸಬೇಕು. ಬಸ್ಸುಗಳೆಷ್ಟು, ಓಡಿದ ಕಿಲೋಮೀಟರ್ ಎಷ್ಟು, ಪ್ರತಿ ಕಿಲೋಮೀಟರಿಗೆ ಆದಾಯವೆಷ್ಟು, ವೆಚ್ಚವೆಷ್ಟು, ಆಸನ ಭರ್ತಿ ಶೇಕಡಾ ಎಷ್ಟು ಎಂದು ವರ್ಷದ ಸಾಧನೆಯನ್ನು ಅಳೆಯುವುದು ಇಂಥ ಅಂಕಿಗಳಿಂದಲೇ. ಆದರೆ ತಮ್ಮ ಮೇಜಿಗೆ ಬರುವ ಹೊತ್ತಿಗೆ ಅವು ಇಡೀ ನಿಗಮದ ಸರಾಸರಿ ಆಗಿರುತ್ತವೆ. 1997ರ ನವೆಂಬರಿನಲ್ಲಿ ಹುಬ್ಬಳ್ಳಿಯನ್ನು ಕೇಂದ್ರವಾಗಿಸಿಕೊಂಡು ಹುಟ್ಟಿದ ಈ ನಿಗಮದ ಗಾಡಿಗಳು ಖಾನಾಪುರದ ಕಾಡಿನಲ್ಲೂ ಓಡುತ್ತವೆ, ಶಿರಸಿಯ ಘಟ್ಟದಲ್ಲೂ ಓಡುತ್ತವೆ, ಹುನಗುಂದದ ಎರೆಭೂಮಿಯಲ್ಲೂ ಓಡುತ್ತವೆ. ಹುಬ್ಬಳ್ಳಿ-ಧಾರವಾಡ ನಗರ ಸಾರಿಗೆಯ ಅಂಕಿಯನ್ನೂ ಬೀಳಗಿ ತಾಲೂಕಿನ ವಸ್ತಿ (ರಾತ್ರಿ ಹಳ್ಳಿಯಲ್ಲೇ ತಂಗುವ) ಗಾಡಿಯ ಅಂಕಿಯನ್ನೂ ಕೂಡಿಸಿ ಭಾಗಿಸಿದರೆ ಬರುವ ಸಂಖ್ಯೆ ಯಾವ ಊರಿನದೂ ಅಲ್ಲ.

ಮೊದಲು, ಗಾಡಿ ಕಟ್ ಆಗುವುದು ಹೇಗೆಂದು ನೋಡಿ.

ನಸುಕಿನಲ್ಲಿ ಡಿಪೋದಲ್ಲಿ ಮೂರು ಗಾಡಿ ಕಡಿಮೆ ಬಿದ್ದಿವೆ ಎಂದುಕೊಳ್ಳಿ. ಒಂದು ಎಫ್‌ಸಿಗೆ (ಸುಸ್ಥಿತಿ ಪ್ರಮಾಣಪತ್ರದ ತಪಾಸಣೆಗೆ) ಹೋಗಿದೆ. ಇನ್ನೊಂದಕ್ಕೆ ಕ್ಲಚ್ ಪ್ಲೇಟ್ ಬಂದಿಲ್ಲ. ಮೂರನೆಯದು ಸಜ್ಜಾಗಿ ನಿಂತಿದೆ, ಚಾಲಕ ರಜೆಯಲ್ಲಿದ್ದಾರೆ. ಬೆಂಗಳೂರು, ಪುಣೆ ಗಾಡಿಗಳಿಗೆ ಮುಂಗಡ ಟಿಕೆಟ್ ಆಗಿರುವುದರಿಂದ ಅವನ್ನು ಮುಟ್ಟುವಂತಿಲ್ಲ. ಹುಬ್ಬಳ್ಳಿ, ಬೆಳಗಾವಿ, ವಿಜಯಪುರದ ಎಕ್ಸ್‌ಪ್ರೆಸ್‌ಗಳಲ್ಲಿ ಕಿಲೋಮೀಟರ್ ಆದಾಯ ಚೆನ್ನಾಗಿದೆ. ಅವನ್ನು ನಿಲ್ಲಿಸಿದರೆ ಡಿಪೋ ಮ್ಯಾನೇಜರ್ ವಿಭಾಗೀಯ ಕಚೇರಿಗೆ ಉತ್ತರ ಕೊಡಬೇಕು. ಕೊನೆಗೆ ಉಳಿಯುವುದು ಹಳ್ಳಿಯ ಗಾಡಿ. ಇಲ್ಲಿ ಡಿಪೋ ಮ್ಯಾನೇಜರರನ್ನು ದೂರಿ ಫಲವಿಲ್ಲ. ಅವರನ್ನು ಯಾವ ಅಂಕಿಯಿಂದ ಅಳೆಯುತ್ತೇವೋ ಆ ಅಂಕಿಯನ್ನು ಅವರು ಕಾಯುತ್ತಾರೆ.

ಇಡೀ ಶೆಡ್ಯೂಲ್ (ಒಂದು ಗಾಡಿಯ ಇಡೀ ದಿನದ ಓಟ) ರದ್ದಾದರೆ ಅದು ದಾಖಲೆಗೆ ಬರುತ್ತದೆ. ಹಾಗಾಗಿ ಒಂದೊಂದು ಶೆಡ್ಯೂಲಿನಿಂದ ಒಂದೊಂದು ಸುತ್ತುವಳಿ ಕಡಿಯುವುದು ಸುಲಭದ ದಾರಿ. ಲೆಕ್ಕಕ್ಕಾಗಿ ಒಂದು ಡಿಪೋದಲ್ಲಿ 80 ಶೆಡ್ಯೂಲ್, ಪ್ರತಿಯೊಂದಕ್ಕೂ ದಿನಕ್ಕೆ 280 ಕಿಲೋಮೀಟರ್ ಎಂದು ಹಿಡಿಯೋಣ. ಒಟ್ಟು 22,400 ಕಿಲೋಮೀಟರ್. ಮೂವತ್ತು ಶೆಡ್ಯೂಲ್‌ಗಳಲ್ಲಿ 15 ಕಿಲೋಮೀಟರಿನ ಒಂದೊಂದು ಹಳ್ಳಿ ಸುತ್ತುವಳಿ ಬಿಟ್ಟರೆ ತಪ್ಪುವುದು 450 ಕಿಲೋಮೀಟರ್, ಅಂದರೆ ಶೇ 2. ಕಿಲೋಮೀಟರ್ ಲೆಕ್ಕದಲ್ಲಿ ಶೇ 98ರ ಸಾಧನೆ, ಶೆಡ್ಯೂಲ್ ಲೆಕ್ಕದಲ್ಲಿ 80ಕ್ಕೆ 80. ಆ ದಿನ ಮೂವತ್ತು ಕಡೆ ಜನ ಕೈಚೀಲ ಹಿಡಿದು ನಿಂತಿದ್ದು ಈ ಎರಡೂ ಅಂಕಿಗಳಲ್ಲಿ ಕಾಣುವುದಿಲ್ಲ. ಅದೇ ಸುತ್ತುವಳಿ ವಾರಕ್ಕೆ ಮೂರು ದಿನ ತಪ್ಪಿದರೆ ಜನ ಟೆಂಪೊ, ಟಂಟಂ ಹಿಡಿಯುತ್ತಾರೆ. ಆದಾಯ ಇಳಿಯುತ್ತದೆ. ಮುಂದಿನ ಪರಿಶೀಲನೆಯಲ್ಲಿ ಆ ಸುತ್ತುವಳಿ ನಷ್ಟದ್ದೆಂದು ಕಾಯಂ ರದ್ದಾಗುತ್ತದೆ. ಆದಾಯವಿಲ್ಲದ್ದರಿಂದ ಗಾಡಿ ನಿಂತಿತೆಂದು ಕಡತ ಹೇಳುತ್ತದೆ. ಆದರೆ ಮೊದಲು ನಿಂತದ್ದು ಗಾಡಿ.

ನಷ್ಟದ ಲೆಕ್ಕದಲ್ಲೂ ಒಂದು ದೊಡ್ಡ ದೋಷವಿದೆ. ಊರಿಂದ 18 ಕಿಲೋಮೀಟರ್ ದೂರದ ಹಳ್ಳಿಗೆ ಹೋಗಿ ಬಂದರೆ 36 ಕಿಲೋಮೀಟರ್. ಉದಾಹರಣೆಗೆ ಪ್ರತಿ ಕಿಲೋಮೀಟರಿಗೆ ವೆಚ್ಚ 50 ರೂಪಾಯಿ, ಆದಾಯ 30 ರೂಪಾಯಿ ಇಟ್ಟುಕೊಳ್ಳಿ. ಕಾಗದದ ಮೇಲೆ ದಿನಕ್ಕೆ 720 ರೂಪಾಯಿ ನಷ್ಟ. ಆದರೆ ಆ 50 ರೂಪಾಯಿಯೊಳಗೆ ಚಾಲಕ-ನಿರ್ವಾಹಕರ ಸಂಬಳ, ಡಿಪೋ ಸಿಬ್ಬಂದಿ, ಗಾಡಿಯ ಸವಕಳಿ, ಸಾಲದ ಬಡ್ಡಿ, ಕೇಂದ್ರ ಕಚೇರಿಯ ಖರ್ಚು ಎಲ್ಲವೂ ಸೇರಿವೆ. ಸುತ್ತುವಳಿ ಬಿಟ್ಟರೂ ಇವು ಉಳಿತಾಯವಾಗುವುದಿಲ್ಲ. ಗಾಡಿ, ಸಿಬ್ಬಂದಿ ನಿಲ್ದಾಣದಲ್ಲೇ ಕಾಯುತ್ತಿರುತ್ತಾರೆ. ನಿಜವಾಗಿ ಉಳಿಯುವುದು ಡೀಸೆಲ್ ಮತ್ತು ಒಂದಿಷ್ಟು ಟೈರು, ಆಯಿಲ್. ಲೀಟರಿಗೆ 5 ಕಿಲೋಮೀಟರ್ ಎಂದರೆ 36 ಕಿಲೋಮೀಟರಿಗೆ 7.2 ಲೀಟರ್, ಲೀಟರಿಗೆ 90 ರೂಪಾಯಿಯಂತೆ 648 ರೂಪಾಯಿ. ಕೈಬಿಟ್ಟ ಆದಾಯ 1,080 ರೂಪಾಯಿ. 720 ರೂಪಾಯಿ ಉಳಿಸಿದೆವು ಎಂದು ಬರೆದುಕೊಂಡ ದಿನ ನಿಗಮ ಹೆಚ್ಚುಕಡಿಮೆ 400 ರೂಪಾಯಿ ಕಳೆದುಕೊಂಡಿರುತ್ತದೆ. ಇಡೀ ಶೆಡ್ಯೂಲ್ ತೆಗೆದು, ಗಾಡಿಯನ್ನೂ ಸಿಬ್ಬಂದಿಯನ್ನೂ ಬೇರೆಡೆ ದುಡಿಸುವಾಗ ಪೂರ್ಣ ವೆಚ್ಚದ ಲೆಕ್ಕ ಸರಿ. ಒಂದು ಸುತ್ತುವಳಿ ಕಡಿಯುವಾಗ ಅದು ತಪ್ಪು ಲೆಕ್ಕ. ವಾರ್ಷಿಕ ವರದಿಯಲ್ಲಿ ಈ ಎರಡು ವೆಚ್ಚಗಳನ್ನು ಬೇರೆಬೇರೆ ಅಂಕಣದಲ್ಲಿ ತೋರಿಸಲು ಆದೇಶಿಸಿ ಎಂಬುದು ನಮ್ಮ ಒತ್ತಾಯ.

ಆಸನ ಭರ್ತಿಯ ಅಂಕಿಯೂ ಹೀಗೆಯೇ ದಾರಿ ತಪ್ಪಿಸುತ್ತದೆ. 2023ರ ಜೂನ್ 11ರಂದು ಶಕ್ತಿ ಯೋಜನೆ ಶುರುವಾದ ಮೇಲೆ ಗಾಡಿ ತುಂಬಿವೆ. ಹೆಣ್ಣುಮಕ್ಕಳು ಸಂತೆಗೆ, ಆಸ್ಪತ್ರೆಗೆ, ಕೂಲಿಗೆ, ಕಾಲೇಜಿಗೆ ಯಾರ ಮುಂದೆಯೂ ಕೈಚಾಚದೆ ಹೋಗಿಬರುತ್ತಿರುವುದು ಸಣ್ಣ ಮಾತಲ್ಲ. ಆ ಯೋಜನೆ ಗಟ್ಟಿಯಾಗಿ ಉಳಿಯಬೇಕು ಎಂದೇ ಇದನ್ನು ಬರೆಯುತ್ತಿದ್ದೇವೆ. ಐವತ್ತು ಆಸನದ ಗಾಡಿ ಬೆಳಿಗ್ಗೆ ಎಂಟಕ್ಕೆ 90 ಜನರನ್ನು ಹೊತ್ತು ಬಂದು, ಹನ್ನೊಂದಕ್ಕೆ 20 ಜನರೊಂದಿಗೆ ಮರಳಿದರೆ ಸರಾಸರಿ ಶೇ 110. ವರದಿಗೆ ಅದು ಒಳ್ಳೆಯ ಅಂಕಿ. ಫುಟ್‌ಬೋರ್ಡಿನ ಮೇಲೆ ಒಂಟಿ ಕಾಲಲ್ಲಿ ನಿಂತ ಕಾಲೇಜು ಹುಡುಗನ ಪಾಲಿಗೆ ಅದು ಶೇ 180. ಬೆಳಿಗ್ಗೆ 7ರಿಂದ 10, ಸಂಜೆ 4ರಿಂದ 7, ಉಳಿದ ಹೊತ್ತು ಎಂದು ಮೂರು ಭಾಗ ಮಾಡಿ ಭರ್ತಿ ತೋರಿಸಿದರೆ ಹೆಚ್ಚುವರಿ ಗಾಡಿ ಎಲ್ಲಿ ಬೇಕು, ಎಷ್ಟು ಹೊತ್ತಿಗೆ ಬೇಕು ಎಂಬುದು ತಾನೇ ಗೊತ್ತಾಗುತ್ತದೆ.

ಶಕ್ತಿಯ ಹಣದ ಬಗ್ಗೆಯೂ ಒಂದು ಮಾತು. ಹೆಣ್ಣುಮಕ್ಕಳಿಗೆ ಕೊಡುವ ಶೂನ್ಯ ಟಿಕೆಟಿನ ಮೌಲ್ಯ ಅಂದಿನ ವೇ ಬಿಲ್ಲಿನಲ್ಲೇ (ನಿರ್ವಾಹಕರ ಲೆಕ್ಕದ ಹಾಳೆಯಲ್ಲೇ) ದಾಖಲಾಗುತ್ತದೆ. ಸರ್ಕಾರದಿಂದ ನಗದು ಬರುವುದು ಆಮೇಲೆ. ಡೀಸೆಲ್ ಟ್ಯಾಂಕರಿಗೆ, ಭವಿಷ್ಯ ನಿಧಿಗೆ, ನಿವೃತ್ತರ ಉಪಧನಕ್ಕೆ ಬೇಕಾದದ್ದು ನಗದು. 2025ರ ಜನವರಿಯಲ್ಲಿ ಟಿಕೆಟ್ ದರ ಶೇ 15 ಏರಿಸಿದ್ದೂ, ಅದೇ ತಿಂಗಳು ರಾಜ್ಯದ ನಾಲ್ಕೂ ಸಾರಿಗೆ ನಿಗಮಗಳ ಇಂಧನ ಮತ್ತು ಭವಿಷ್ಯ ನಿಧಿ ಬಾಕಿ ತೀರಿಸಲು 2,000 ಕೋಟಿ ರೂಪಾಯಿ ಸಾಲಕ್ಕೆ ಸಂಪುಟ ಒಪ್ಪಿಗೆ ಕೊಟ್ಟದ್ದೂ ತಮಗೆ ತಿಳಿದೇ ಇದೆ. ಬಿಲ್ ಮಾಡಿದ್ದೆಷ್ಟು, ಕೈಗೆ ಬಂದದ್ದೆಷ್ಟು, ಎಷ್ಟು ತಿಂಗಳ ಬಾಕಿ ಎಂಬ ಮೂರು ಸಾಲು ವರದಿಯ ಮೊದಲ ಪುಟದಲ್ಲೇ ಇರಲಿ. ವಿದ್ಯಾರ್ಥಿ ಪಾಸಿನ ಮರುಪಾವತಿಗೂ ಇದೇ ರೀತಿ.

ಇನ್ನು ಗಾಡಿಗಳ ಸ್ಥಿತಿ. ಸರ್ಕಾರಿ ವಾಹನಗಳಿಗೆ 15 ವರ್ಷ ತುಂಬಿದರೆ 2023ರ ಏಪ್ರಿಲ್ 1ರಿಂದ ನೋಂದಣಿ ನವೀಕರಣವಿಲ್ಲ. ಸಾರಿಗೆ ನಿಗಮಗಳೂ ಆ ನಿಯಮದಡಿ ಬರುತ್ತವೆ. ಎಂಟು ವರ್ಷ ದಾಟಿದ ಗಾಡಿಗೆ ಪ್ರತಿ ವರ್ಷ ಎಫ್‌ಸಿ ಆಗಬೇಕು. ಅಂದರೆ ಹಳೆಯ ಗಾಡಿ ಹೆಚ್ಚಿದ್ದ ಡಿಪೋದಲ್ಲಿ ಎಫ್‌ಸಿಗೆಂದು ಒಂದೆರಡು ಗಾಡಿ ಸದಾ ಒಳಗೇ ಇರುತ್ತವೆ. ಆದ್ದರಿಂದ ಹೊಸ ಗಾಡಿ ಇಷ್ಟು ಬಂದವು ಎನ್ನುವುದರ ಜೊತೆಗೆ ಗುಜರಿಗೆ ಎಷ್ಟು ಹೋದವು, ಯಾವ ಡಿಪೋದಲ್ಲಿ ಎಷ್ಟು ವಯಸ್ಸಿನ ಗಾಡಿ ಎಷ್ಟಿವೆ ಎಂಬುದೂ ಗೊತ್ತಾಗಬೇಕು. ದೂರದ ಓಟದಲ್ಲಿ ದಣಿದ ಗಾಡಿ ಹಳ್ಳಿ ಸರ್ವಿಸಿಗೆ ಇಳಿಯುವುದು ವಾಡಿಕೆ. ರಸ್ತೆ ಕೆಟ್ಟಲ್ಲಿಗೆ ಕೆಟ್ಟ ಗಾಡಿ ಹೋದರೆ ಸ್ಪ್ರಿಂಗ್ ಪಟ್ಟಿ ಮುರಿಯದೆ ಇನ್ನೇನಾದೀತು?

ಬ್ರೇಕ್‌ಡೌನ್ ಪ್ರಮಾಣವನ್ನು 10,000 ಕಿಲೋಮೀಟರಿಗೆ ಇಷ್ಟು ಎಂದು ಕೊಡುತ್ತಾರೆ. ದಾರಿಯಲ್ಲಿ ಅರ್ಧ ತಾಸು ನಿಂತು, ಚಾಲಕರೇ ಬೆಲ್ಟ್ ಬಿಗಿದು ಹೊರಟರೆ ಅದು ಲಾಗ್‌ಶೀಟಿಗೆ ಏರದೆಯೂ ಹೋಗಬಹುದು. ಕಾರಣವಾರು ವಿಂಗಡಣೆ ಬೇಕು: ಟೈರು, ಕ್ಲಚ್, ಏರ್ ಲೈನ್, ವಿದ್ಯುತ್, ರೇಡಿಯೇಟರ್ ಹೀಗೆ. ಒಂದೇ ಡಿಪೋದಲ್ಲಿ ಟೈರಿನ ತೊಂದರೆ ಪದೇಪದೇ ಕಂಡರೆ ರಿಸೋಲ್ ಮಾಡಿದ (ಸವೆದ ಮೇಲೆ ಹೊಸ ಪಟ್ಟಿ ಕೂರಿಸಿದ) ಟೈರಿನ ಗುಣಮಟ್ಟ ನೋಡಬೇಕು. ಕ್ಲಚ್ ಆದರೆ ಬಿಡಿಭಾಗದ ಪೂರೈಕೆ ನೋಡಬೇಕು. ಬಿಡಿಭಾಗ ಇಲ್ಲದಾಗ ನಿಂತ ಗಾಡಿಯಿಂದ ಬಿಚ್ಚಿ ಓಡುವ ಗಾಡಿಗೆ ಹಾಕುತ್ತಾರೆ. ಅಂದಿನ ದಿನ ಕಳೆಯುತ್ತದೆ, ನಿಂತ ಗಾಡಿ ಮತ್ತಷ್ಟು ದಿನ ನಿಲ್ಲುತ್ತದೆ.

ಡೀಸೆಲ್ ವಿಷಯದಲ್ಲಿ ಚಾಲಕರಿಗೆ ಅನ್ಯಾಯವಾಗುತ್ತಿದೆ. ದಿನಕ್ಕೆ 300 ಕಿಲೋಮೀಟರ್ ಓಡುವ ಗಾಡಿ ಲೀಟರಿಗೆ 5.2 ಕೊಟ್ಟರೆ 57.7 ಲೀಟರ್ ಸಾಕು, 5.0ಕ್ಕೆ ಇಳಿದರೆ 60 ಲೀಟರ್. ಎಂಬತ್ತು ಗಾಡಿಗೆ ದಿನಕ್ಕೆ ಸುಮಾರು 184 ಲೀಟರ್ ವ್ಯತ್ಯಾಸ, ಹದಿನಾರು ಸಾವಿರ ರೂಪಾಯಿಗೂ ಮೇಲೆ. ಇದು ಉಳಿಸಬೇಕಾದ ಹಣವೇ, ಸಂಶಯವಿಲ್ಲ. ಆದರೆ ಕೆಎಂಪಿಎಲ್ (ಲೀಟರಿಗೆ ಓಡುವ ಕಿಲೋಮೀಟರ್) ಬೀಳುವುದು ಚಾಲಕರ ಕಾಲಿನಿಂದಷ್ಟೇ ಅಲ್ಲ. ಗಾಳಿ ಕಡಿಮೆಯಿರುವ ಟೈರು, ಧೂಳು ಕಟ್ಟಿದ ಏರ್ ಫಿಲ್ಟರ್, ಹಿಡಿದುಕೊಂಡೇ ಇರುವ ಬ್ರೇಕ್, ಜಾರುವ ಕ್ಲಚ್, ಸವೆದ ಇಂಜೆಕ್ಟರ್, ನೂರು ಮೀಟರಿಗೊಂದು ಹಂಪು, ಎರಡು ಪಟ್ಟು ಜನ ಇವೆಲ್ಲ ಸೇರಿ ಡೀಸೆಲ್ ಕುಡಿಯುತ್ತವೆ. ಗಾಡಿವಾರು ಕೆಎಂಪಿಎಲ್ ತೆಗೆದು, ಒಂದೇ ಗಾಡಿಯನ್ನು ಮೂರು ಚಾಲಕರು ಓಡಿಸಿದಾಗಲೂ ಅಂಕಿ ಕೆಳಗೇ ಇದ್ದರೆ ದೋಷ ಗಾಡಿಯದು. ಚಾಲಕರ ಮೇಲೆ ಮೆಮೊ ಬರೆಯುವ ಮೊದಲು ಇಷ್ಟು ನೋಡಬೇಕು.

ನಮ್ಮ ಭಾಗಕ್ಕೇ ವಿಶೇಷವಾದ ಕೆಲವು ಸಂಗತಿಗಳಿವೆ. ಕಬ್ಬಿನ ಹಂಗಾಮಿನಲ್ಲಿ ಮುಧೋಳ, ಜಮಖಂಡಿ, ರಬಕವಿ-ಬನಹಟ್ಟಿ, ಅಥಣಿ, ರಾಯಬಾಗದ ರಸ್ತೆಗಳಲ್ಲಿ ಜೋಡಿ ಟ್ರೇಲರಿನ ಟ್ರ್ಯಾಕ್ಟರ್ ಸಾಲುಗಟ್ಟಿರುತ್ತವೆ. ಒಂದು ತಾಸಿನ ಓಟಕ್ಕೆ ಒಂದೂಕಾಲು ತಾಸು ಹಿಡಿಯುತ್ತದೆ. ನಾಲ್ಕು ಓಟ ಮುಗಿಯುವಷ್ಟರಲ್ಲಿ ಗಾಡಿ ಒಂದು ತಾಸು ಹಿಂದೆ ಬಿದ್ದು, ಕೊನೆಯ ಸುತ್ತುವಳಿ ‘ತಡ’ ಎಂಬ ಕಾರಣಕ್ಕೆ ಕಟ್. ಹಂಗಾಮಿಗೊಂದು, ಉಳಿದ ಕಾಲಕ್ಕೊಂದು ಎಂದು ಎರಡು ವೇಳಾಪಟ್ಟಿ ಇರಲಿ. ಮಳೆಗಾಲದಲ್ಲಿ ಕೃಷ್ಣಾ, ಘಟಪ್ರಭಾ ತುಂಬಿದರೆ ಚಿಕ್ಕೋಡಿ, ಮುಧೋಳ ಕಡೆಯ ಕೆಳಮಟ್ಟದ ಸೇತುವೆಗಳು ಮುಳುಗಿ ಗಾಡಿ ಸುತ್ತು ಹಾಕಬೇಕು. ಸವದತ್ತಿ ಎಲ್ಲಮ್ಮನ ಹುಣ್ಣಿಮೆ, ಬಾದಾಮಿ ಬನಶಂಕರಿ ಜಾತ್ರೆ ಬಂದರೆ ವಿಶೇಷ ಗಾಡಿಗಳಿಗೆಂದು ಸುತ್ತಲಿನ ಡಿಪೋಗಳ ಹಳ್ಳಿ ಗಾಡಿ ಎತ್ತುತ್ತಾರೆ. ಜಾತ್ರೆಗೆ ಗಾಡಿ ಬೇಕೇಬೇಕು. ಜಾತ್ರೆಯ ಆದಾಯ ಬರೆಯುವಾಗ, ಅದಕ್ಕಾಗಿ ತಪ್ಪಿದ ಸುತ್ತುವಳಿಗಳ ಸಂಖ್ಯೆಯನ್ನೂ ಪಕ್ಕದಲ್ಲೇ ಬರೆಯಲಿ.

ಬಾಗಲಕೋಟೆ-ವಿಜಯಪುರ ಮಾರ್ಗದ ಸಮಸ್ಯೆ ಬೇರೆ. ಕೊರ್ತಿ-ಕೊಲ್ಹಾರ ಸೇತುವೆಯ ಆಚೆ ಕಲ್ಯಾಣ ಕರ್ನಾಟಕ ನಿಗಮ, ಈಚೆ ವಾಯವ್ಯ. ಎರಡೂ ನಿಗಮದ ಗಾಡಿ ಬೆನ್ನಿಗೆ ಬೆನ್ನು ಹತ್ತಿ ಹೊರಟರೆ ಆಮೇಲೆ ಮುಕ್ಕಾಲು ತಾಸು ಗಾಡಿಯೇ ಇಲ್ಲದಂತಾಗುತ್ತದೆ. ಇದು ಯಾವ ನಿಗಮದ ವರದಿಯಲ್ಲಿ ಬರಬೇಕು? ಎರಡೂ ನಿಗಮಗಳು ಕೂಡಿ ಇಂಥ ಮಾರ್ಗಗಳಿಗೆ ಒಂದೇ ವೇಳಾಪಟ್ಟಿ ಮಾಡಲು ತಮ್ಮ ಒಂದು ಆದೇಶ ಸಾಕು.

ಈ ಲೆಕ್ಕಕ್ಕೆ ಹೊಸ ಖರ್ಚು ಇಲ್ಲ. ನಿರ್ವಾಹಕರ ಟಿಕೆಟ್ ಯಂತ್ರದಲ್ಲಿ ಪ್ರತಿ ಸುತ್ತುವಳಿಯ ಹೊತ್ತು, ಹಂತ, ಟಿಕೆಟ್, ಶೂನ್ಯ ಟಿಕೆಟ್ ಎಲ್ಲ ಇದ್ದೇ ಇದೆ. ಡ್ಯೂಟಿ ಮುಗಿದ ಮೇಲೆ ಅದು ಡಿಪೋದ ಗಣಕಯಂತ್ರಕ್ಕೆ ಇಳಿಯುತ್ತದೆ. ವೇಳಾಪಟ್ಟಿಯೊಂದಿಗೆ ಹೋಲಿಸಿ ನೋಡಿದರೆ ಯಾವ ಊರಿನ ಯಾವ ಹೊತ್ತಿನ ಗಾಡಿ ವರ್ಷದಲ್ಲಿ ಎಷ್ಟು ದಿನ ತಪ್ಪಿತು, ಏಕೆ ತಪ್ಪಿತು ಎಂಬುದು ಸಿಗುತ್ತದೆ. ಗಾಡಿ ಇಲ್ಲ, ಚಾಲಕ ಇಲ್ಲ, ನಿರ್ವಾಹಕ ಇಲ್ಲ, ತಡ, ವಿಶೇಷ ಕಾರ್ಯ, ರಸ್ತೆ ಬಂದ್ ಈ ಆರು ಕಾರಣ ಸಾಕು. ಮಾಹಿತಿ ಹಕ್ಕು ಕಾಯ್ದೆಯ 4ನೇ ಕಲಮು ಇಂಥ ಮಾಹಿತಿಯನ್ನು ಅರ್ಜಿಗೆ ಕಾಯದೆ ತಾನಾಗಿ ಪ್ರಕಟಿಸಲು ಹೇಳುತ್ತದೆ.

ಹಳ್ಳಿಯ ಮೊದಲ ಗಾಡಿ, ಶಾಲೆ-ಕಾಲೇಜಿನ ಎರಡು ಹೊತ್ತಿನ ಗಾಡಿ, ರಾತ್ರಿ ವಸ್ತಿ ಗಾಡಿ ಇವನ್ನು ಪ್ರತಿ ಡಿಪೋದಲ್ಲೂ ‘ಕಡಿಯಬಾರದ ಸುತ್ತುವಳಿ’ ಎಂದು ಪಟ್ಟಿ ಮಾಡಿಸಿ. ಅವುಗಳಿಂದ ನಿಜವಾಗಿ ಆಗುವ ಕೊರತೆಯನ್ನು ಸರ್ಕಾರ ಪ್ರತ್ಯೇಕ ಲೆಕ್ಕದಲ್ಲಿ ತುಂಬಿಕೊಡಲಿ. ಸಾರಿಗೆ ಸೇವೆ ದಕ್ಷವೂ ಸಾಕಷ್ಟೂ ಮಿತವ್ಯಯದ್ದೂ ಆಗಿರಬೇಕೆಂದು ರಸ್ತೆ ಸಾರಿಗೆ ನಿಗಮಗಳ ಕಾಯ್ದೆಯ 18ನೇ ಕಲಮು ಹೇಳುತ್ತದೆ, ವ್ಯಾಪಾರಿ ತತ್ವದಂತೆ ನಡೆಯಬೇಕೆಂದು 22ನೇ ಕಲಮು ಹೇಳುತ್ತದೆ. ಡಿಪೋ ಮ್ಯಾನೇಜರ್ ಈ ಎರಡರ ನಡುವೆ ಒಬ್ಬರೇ ಸಿಕ್ಕಿಕೊಳ್ಳದಿರಲು ಇದೊಂದೇ ದಾರಿ.

ಬಾಗಲಕೋಟೆ ಮತ್ತು ಚಿಕ್ಕೋಡಿ ವಿಭಾಗಗಳಲ್ಲಿ ಮೊದಲು ಶುರುಮಾಡಿ. ಮುಂದಿನ ವಾರ್ಷಿಕ ವರದಿಯಲ್ಲಿ ಆ ಎರಡು ವಿಭಾಗಗಳ ಪ್ರತಿ ಡಿಪೋಗೂ ಒಂದು ಪುಟ ಇರಲಿ, ಅದರ ಪ್ರತಿಯನ್ನು ಆಯಾ ಬಸ್ ನಿಲ್ದಾಣದ ನಿಯಂತ್ರಕರ ಕೊಠಡಿಯ ಹೊರಗೋಡೆಗೆ ಅಂಟಿಸಲಿ.

ಇಂತಿ ತಮ್ಮ ವಿಶ್ವಾಸಿಗಳು,
ಬಾಗಲಕೋಟೆ ಜಿಲ್ಲೆಯ ಬಸ್ ಪ್ರಯಾಣಿಕರು ಮತ್ತು ನಿವೃತ್ತ ಸಾರಿಗೆ ನೌಕರರು