ಗೆಟ್ಟಿಸ್‌ಬರ್ಗ್‌ನ ಕಲ್ಲುಗುಡ್ಡದ ಕುರಿತು ಅಪ್ಪನಿಗೆ

ತೀರ್ಥರೂಪ ಅಪ್ಪನವರ ಚರಣಗಳಿಗೆ ಸಾಷ್ಟಾಂಗ ನಮಸ್ಕಾರಗಳು. ನಾನಿಲ್ಲಿ ಕ್ಷೇಮವಾಗಿದ್ದೇನೆ, ನಿಮ್ಮ ಹಾಗೂ ಅವ್ವನ ಕ್ಷೇಮಕ್ಕೆ ಆಗಾಗ ಪತ್ರ ಬರೆಯುತ್ತಿರಬೇಕು.

ಕಳೆದ ವಾರ ಪೆನ್ಸಿಲ್ವೇನಿಯಾದ ಗೆಟ್ಟಿಸ್‌ಬರ್ಗ್‌ಗೆ ಹೋಗಿ ಲಿಟಲ್ ರೌಂಡ್ ಟಾಪ್ ಎಂಬ ಕಲ್ಲುಗುಡ್ಡವನ್ನು ಹತ್ತಿ ಬಂದೆ. ಹತ್ತಿದೆ ಎನ್ನುವುದೇ ಹೆಚ್ಚಾಯಿತು. ಬಾದಾಮಿಯ ಗುಡ್ಡಗಳನ್ನು ಏರಿ ಬೆಳೆದವರಿಗೆ ಅದು ಬರಿಯ ದಿಬ್ಬ. ಆದರೂ 1863ರ ಜುಲೈ 2ರಂದು, ಅಮೆರಿಕದ ಅಂತರ್ಯುದ್ಧದಲ್ಲಿ, ಉತ್ತರದವರ ಸೇನಾಸಾಲಿನ ಎಡತುದಿಯನ್ನು ಕಾಯಬೇಕಾಗಿದ್ದ ಈ ಗುಡ್ಡದ ಮೇಲೆ ಬಾವುಟ ಬೀಸಿ ಸಂಕೇತ ಕೊಡುವ ಕೆಲವರನ್ನು ಬಿಟ್ಟರೆ ಸೈನ್ಯವೇ ಇರಲಿಲ್ಲವೆಂಬುದನ್ನು ಮುಖ್ಯ ಎಂಜಿನಿಯರ್ ವಾರನ್ ಕಂಡುಕೊಂಡನು. ಅವನ ಕರೆ ತಿಳಿದೊಡನೆ, ಮೇಲಿನವರ ಅಪ್ಪಣೆಗೂ ಕಾಯದೆ ತನ್ನ ದಳವನ್ನು ಮೇಲೇರಿಸಿದ ವಿನ್ಸೆಂಟ್ ಆ ಕಾಳಗದಲ್ಲಿಯೇ ಗಾಯಗೊಂಡು ಮುಂದೆ ತೀರಿಕೊಂಡನು. ಎಡತುದಿಯಲ್ಲಿ ನಿಂತ ಮೇನ್ ಪ್ರಾಂತದ ತುಕಡಿಯ ನಾಯಕ ಚೇಂಬರ್ಲೇನ್ ನಿಮ್ಮಂತೆಯೇ ಪಾಠ ಹೇಳುತ್ತಿದ್ದವನು. ಗುಂಡು ಮುಗಿಯುತ್ತ ಬಂದಾಗ ಅವನ ಜನ ಬಯೋನೆಟ್ ಹಿಡಿದು ಇಳಿಜಾರಿನಲ್ಲಿ ನುಗ್ಗಿದರು. ಸೈನಿಕರು ಮರೆಗೆಂದು ಒಟ್ಟಿದ ಗಿಡ್ಡ ಕಲ್ಲುಗೋಡೆಗಳು ಈಗಲೂ ಇವೆ. ಅಲ್ಲಿ ಮಡಿದ ಓರೋರ್ಕ್ ಎಂಬ ಅಧಿಕಾರಿಯ ಕಂಚಿನ ಉಬ್ಬುಶಿಲ್ಪದ ಮೂಗನ್ನು ಜನರು ಅದೃಷ್ಟಕ್ಕೆಂದು ಮುಟ್ಟಿ ಮುಟ್ಟಿ, ಅದೊಂದೇ ಚಿನ್ನದಂತೆ ಮಿನುಗುತ್ತಿದೆ.

ನನ್ನನ್ನು ಹೆಚ್ಚು ಕಾಡಿದವನು ಸೋತ ದಕ್ಷಿಣದವರ ಕಡೆಯ ಅಧಿಕಾರಿ ಓಟ್ಸ್. ಅವನ ಅಲಬಾಮಾ ತುಕಡಿ ಆ ದಿನ ಇಪ್ಪತ್ತು ಮೈಲಿಗೂ ಹೆಚ್ಚು ನಡೆದು ಬಂದಿತ್ತು; ನೀರು ತುಂಬಿ ತರಲು ಹೋದವರು ಶತ್ರುಗಳ ಕೈಗೆ ಸಿಕ್ಕಿದ್ದರಿಂದ ಉಳಿದವರು ಬಾಯಾರಿಯೇ ಗುಡ್ಡ ಏರಿದರು. ಅಲ್ಲಿ ಗಾಯಗೊಂಡ ಅವನ ತಮ್ಮ ಜಾನ್ ಮುಂದೆ ಸತ್ತನು. ಓಟ್ಸ್ ಅಲಬಾಮಾದ ರಾಜ್ಯಪಾಲನೂ ಆದನು, ಆದರೆ ತನ್ನ ಸೈನಿಕರಿಗಾಗಿ ಆ ಇಳಿಜಾರಿನಲ್ಲಿ ಒಂದು ಸ್ಮಾರಕ ನಿಲ್ಲಿಸಲು ಮುಪ್ಪಿನಲ್ಲಿ ಎಷ್ಟು ಅಲೆದರೂ ಒಪ್ಪಿಗೆ ದೊರೆಯಲಿಲ್ಲ. ಗೆದ್ದವರ ಕಲ್ಲುಗಳು ಮಾತ್ರ ಹೆಜ್ಜೆಗೊಂದರಂತೆ ನಿಂತಿವೆ. ದಕ್ಷಿಣದವರು ಹೋರಾಡಿದ್ದು ಗುಲಾಮಗಿರಿಯನ್ನು ಉಳಿಸಿಕೊಳ್ಳಲು ಎಂಬುದನ್ನು ನಾನು ಮರೆತಿಲ್ಲ; ಆದರೂ ತಮ್ಮನಿಗೊಂದು ಕಲ್ಲು ಕೇಳಿದವನಿಗೆ ಇಲ್ಲವೆಂದದ್ದು ನನಗೆ ಸರಿಕಾಣಲಿಲ್ಲ.

ಆಗ ನಮ್ಮೂರಿನ ಬಂಡೆ ನೆನಪಾಯಿತು. 642ರಲ್ಲಿ ವಾತಾಪಿಯನ್ನು ಗೆದ್ದ ಪಲ್ಲವ ನರಸಿಂಹವರ್ಮನ ಶಾಸನವು, ಸವೆದಿದ್ದರೂ, ಸೋತವರ ಊರಿನಲ್ಲಿಯೇ ಉಳಿದಿದೆಯಲ್ಲ! ಮುಂದೆ ಚಾಲುಕ್ಯ ವಿಕ್ರಮಾದಿತ್ಯನು ರಾಜಧಾನಿಯನ್ನು ಮರಳಿ ಪಡೆದ ಮೇಲೂ ಅದನ್ನು ಪೂರ್ತಿ ಏಕೆ ಅಳಿಸಿಹಾಕಲಿಲ್ಲವೆಂದು ನಿಮಗೆ ಅನ್ನಿಸುತ್ತದೆ? ಮುಂದಿನ ಪತ್ರದಲ್ಲಿ ತಪ್ಪದೆ ಬರೆಯಿರಿ.

ನಿಮ್ಮ ಮಗ