ಡಿಸೆಂಬರ್‌ವರೆಗೆ ಯಾಕೆ ಪುಟ್ಟಿ?

ಲೆಸ್ಟರ್
ಭಾನುವಾರ

ಚಿ. ಸೌ. ಪುಟ್ಟಿಗೆ ದೊಡ್ಡಮ್ಮನ ಆಶೀರ್ವಾದಗಳು.

ನಿನ್ನ ಮೇಲ್ ಓದಿದೆ. ಹೊಸ ಮನೆ, ಮಗುವಿನ ನರ್ಸರಿ, ನಿಮ್ಮಮ್ಮನ ಮಂಡಿನೋವು, ಅದಕ್ಕೆಲ್ಲ ಇನ್ನೊಮ್ಮೆ ಬರೆಯುತ್ತೇನೆ. ನಡುವೆ ಒಂದು ಸಾಲು ತುರುಕಿದ್ದೀಯಲ್ಲ, ಅದಕ್ಕೆ ಈ ಪತ್ರ. ಎರಡು ತಿಂಗಳಿಂದ ಟಾಯ್ಲೆಟ್‌ಗೆ ಹೋದಾಗ ಆಗಾಗ ರಕ್ತ ಬರ್ತಿದೆ, ಪೈಲ್ಸ್ ಇರಬೇಕು, ಡಿಸೆಂಬರ್‌ನಲ್ಲಿ ಬೆಂಗಳೂರಿಗೆ ಹೋದಾಗ ತೋರಿಸ್ತೀನಿ ಅಂತ. ಮುಂದಿನ ಸಾಲಲ್ಲೇ ನಿಮ್ಮ ಊರು ರೆಡಿಂಗ್‌ನಲ್ಲಿ ಮೆಂತ್ಯದ ಹಿಟ್ಟು ಎಲ್ಲಿ ಸಿಗುತ್ತೆ ಅಂತ ಕೇಳಿದ್ದೀಯ.

ಫೋನ್ ಮಾಡಬಹುದಿತ್ತು. ಮಾಡಿದರೆ "ಸರಿ ದೊಡ್ಡಮ್ಮ, ನೋಡ್ತೀನಿ" ಅಂದು ಇಟ್ಟುಬಿಡುತ್ತೀಯ.

ಪೈಲ್ಸೇ ಇರಬಹುದು. ಹೆರಿಗೆಯಾದ ಮೇಲೆ ಎಷ್ಟೋ ಹೆಂಗಸರಿಗೆ ಆಗುತ್ತೆ. ಇಲ್ಲದಿದ್ದರೆ ಸಣ್ಣ ಸೀಳು ಇರಬಹುದು. ನೀರು ಜಾಸ್ತಿ ಕುಡಿ, ಸೊಪ್ಪು ತರಕಾರಿ ತಿನ್ನು ಅಂದು ಮುಲಾಮು ಕೊಟ್ಟು ಕಳಿಸುತ್ತಾರೆ. ಆದರೆ ಹಾಗಂತ ಹೇಳಬೇಕಾದವರು ಡಾಕ್ಟರ್. ನೀನೂ ಅಲ್ಲ, ಗೂಗಲ್ಲೂ ಅಲ್ಲ, ನಾನಂತೂ ಅಲ್ಲ. ತಾತನ ವಿಷಯ ನಿನಗೆ ಗೊತ್ತು, ಮತ್ತೆ ಬರೆಯುವುದಿಲ್ಲ. ಅವರೂ ಮೊದಲು ಮೂಲವ್ಯಾಧಿ ಅಂತಲೇ ಅಂದುಕೊಂಡಿದ್ದರು.

ಸರ್ಜರಿಗೆ, ಅಂದರೆ ನಿಮ್ಮ ಡಾಕ್ಟರ ಕ್ಲಿನಿಕ್ಕಿಗೆ, ಫೋನ್ ಮಾಡಿದ್ದೆ ಅಂತಲೂ ಬರೆದಿದ್ದೀಯ. ಬೆಳಿಗ್ಗೆ ಎಂಟಕ್ಕೆ ಹಚ್ಚಿ, ಕ್ಯೂನಲ್ಲಿ ಕಾದು, ಕೊನೆಗೆ ಸಿಕ್ಕ ರಿಸೆಪ್ಷನಿಸ್ಟ್ ಏನು ತೊಂದರೆ ಅಂತ ಕೇಳಿದಾಗ ಆಫೀಸಿನಲ್ಲಿ ಅಕ್ಕಪಕ್ಕ ಜನ ಇದ್ದರು, ಇಟ್ಟುಬಿಟ್ಟೆ ಅಂತ. ಡಾಕ್ಟರಿಗೆ ಹೇಳೋದನ್ನ ಅವಳಿಗೆ ಯಾಕೆ ಹೇಳಬೇಕು ಅಂತ ಸಿಟ್ಟು ಬೇರೆ. ವರ್ಷಗಟ್ಟಲೆ ಹಾಗೆ ಕೇಳುತ್ತಾ ಕೂತವಳು ನಿನ್ನ ದೊಡ್ಡಮ್ಮನೇ ಅನ್ನೋದನ್ನ ಮರೆತೆಯಾ? ಕುತೂಹಲಕ್ಕೆ ಯಾರೂ ಕೇಳುವುದಿಲ್ಲ ಕಣೇ. ಯಾರನ್ನು ಇವತ್ತೇ ನೋಡಬೇಕು, ಯಾರು ನರ್ಸ್ ಹತ್ತಿರ ಹೋದರೆ ಸಾಕು, ಯಾರಿಗೆ ಫಾರ್ಮಸಿ ಸಾಕು ಅಂತ ಅಲ್ಲೇ ವಿಂಗಡಿಸಬೇಕು. ನೀನು ರಕ್ತ ಅನ್ನೋ ಮಾತು ಆಡಿದ್ದರೆ ಅವಳು ಬೇರೆ ಥರ ನೋಡುತ್ತಿದ್ದಳು. ಅವಳು ಕೇಳಿದ್ದನ್ನು ಹೊರಗೆ ಆಡುವ ಹಾಗೂ ಇಲ್ಲ, ಡಾಕ್ಟರಿಗೆ ಇರುವ ಕಟ್ಟುಪಾಡೇ ಅವಳಿಗೂ. ಅಷ್ಟಾದರೂ ಹೇಳಲು ಬಾಯಿ ಬರದಿದ್ದರೆ ಇದು ಖಾಸಗಿ ವಿಷಯ, ಲೇಡಿ ಡಾಕ್ಟರ್ ಹತ್ತಿರ ಮಾತಾಡಬೇಕು ಅನ್ನು. ಅದೂ ನಡೆಯುತ್ತೆ. ಆದರೆ ರಕ್ತ ಅಂತ ಹೇಳಿದರೆ ಬೇಗ ಆಗುತ್ತೆ.

ನಾವು 1979ರಲ್ಲಿ ಇಲ್ಲಿಗೆ ಬಂದಾಗ ಈ ಫೋನಿನ ಗೋಳು ಇರಲಿಲ್ಲ. ನಮ್ಮ ಜಿ.ಪಿ., ಅಂದರೆ ಮಾಮೂಲಿ ಕಾಯಿಲೆಗೆಲ್ಲ ಮೊದಲು ನೋಡುವ ಡಾಕ್ಟರ್, ಬಿಹಾರದವರು. ಸಾಲುಮನೆಯೊಂದರ ಮುಂದಿನ ಕೋಣೆಯೇ ಸರ್ಜರಿ. ಅಪಾಯಿಂಟ್‌ಮೆಂಟ್ ಇಲ್ಲ, ಹೋಗಿ ಕೂರೋದು, ನಮಗಿಂತ ಮುಂಚೆ ಯಾರು ಬಂದರು ಅಂತ ನೆನಪಿಟ್ಟುಕೊಳ್ಳೋದು. ಆಮೇಲೆ ನನಗೆ ಬೇರೊಂದು ಕಡೆ ಕೆಲಸ ಸಿಕ್ಕಿತು. ನನ್ನ ಬೆನ್ನ ಹಿಂದೆ ಗೋಡೆ ತುಂಬಾ ಕಂದು ಬಣ್ಣದ ಪುಟ್ಟ ಲಕೋಟೆಗಳು. ಲಾಯ್ಡ್ ಜಾರ್ಜ್ ಲಕೋಟೆ ಅಂತ ಹೆಸರು, 1911ರ ವಿಮಾ ಕಾಯ್ದೆ ತಂದ ಮಂತ್ರಿಯ ಹೆಸರು ಅದು. ಒಬ್ಬೊಬ್ಬರ ಕಾಯಿಲೆಯೆಲ್ಲ ಒಂದೊಂದು ಲಕೋಟೆಯೊಳಗೆ, ನಾಲ್ಕು ಮಡಿಕೆಯಾಗಿ. ಕೆಲವು ಹೊಟ್ಟೆ ಒಡೆದು, ರಬ್ಬರ್ ಬ್ಯಾಂಡ್ ಸುತ್ತಿಸಿಕೊಂಡು ಕೂತಿರುತ್ತಿದ್ದವು. ನಮ್ಮ ಕಡೆಯ ಹೆಂಗಸರ ಲಕೋಟೆ ಮಾತ್ರ ತೆಳ್ಳಗೆ. ಹೆರಿಗೆಯ ಕಾಗದ ಬಿಟ್ಟರೆ ಒಳಗೆ ಏನೂ ಇರುತ್ತಿರಲಿಲ್ಲ. ಅವರೆಲ್ಲ ಗಟ್ಟಿಮುಟ್ಟಾಗಿದ್ದರು ಅಂತಲ್ಲ. ಕೌಂಟರಿಗೆ ಬಂದು, ಹಿಂದೆ ನಿಂತವರನ್ನು ಒಮ್ಮೆ ನೋಡಿ, ತಲೆನೋವು ಅನ್ನುತ್ತಿದ್ದರು. ತಲೆನೋವಲ್ಲ ಅಂತ ಮುಖ ನೋಡಿದರೆ ಗೊತ್ತಾಗುತ್ತಿತ್ತು. ಆಗ ಪಕ್ಕಕ್ಕೆ ಕರೆದು ಮಾತಾಡಿಸಲು ಒಂದು ಕೋಣೆಯೂ ನಮಗಿರಲಿಲ್ಲ.

ಅದೇ ವರ್ಷಗಳಲ್ಲಿ ಭಾನುವಾರ ಅರಸೀಕೆರೆಗೆ ಫೋನ್ ಮಾಡುತ್ತಿದ್ದೆ. ನಿಮಿಷಕ್ಕಿಷ್ಟು ಅಂತ ದುಡ್ಡು, ಗಡಿಯಾರ ನೋಡಿಕೊಂಡು ಮಾತು. ನಿನ್ನ ತಾತ ತೆಂಗಿನಕಾಯಿ ರೇಟು ಹೇಳುತ್ತಿದ್ದರು, ಮಳೆ ಹೇಳುತ್ತಿದ್ದರು. ನಾನಿಲ್ಲಿ ಗುರುತಿಲ್ಲದವರನ್ನು ದಿನವಿಡೀ ಎಷ್ಟು ದಿನದಿಂದ ಹೀಗೆ, ನೋವಿದೆಯಾ ಅಂತ ಕೇಳುತ್ತಿದ್ದೆ. ಅಪ್ಪನನ್ನು ಹಾಗೆ ಕೇಳೋದುಂಟಾ? ಬಿಡು.

ಅದಕ್ಕೇ ಈಗ ನಿನ್ನನ್ನು ಕೇಳುತ್ತಿದ್ದೇನೆ. ರಕ್ತ ಕೆಂಪಗಿದೆಯಾ, ಕಪ್ಪಗಿದೆಯಾ? ಪೇಪರಿನಲ್ಲಿ ಮಾತ್ರವಾ, ಮಲದ ಜೊತೆ ಬೆರೆತಿದೆಯಾ? ಮೊದಲಿಗಿಂತ ಜಾಸ್ತಿ ಸಲ ಹೋಗಬೇಕಾಗ್ತಿದೆಯಾ? ತೂಕ ಇಳಿದಿದೆಯಾ, ಸುಮ್ನೆ ಸುಸ್ತಾ? ಉತ್ತರ ನನಗೆ ಬರೆಯಬೇಡ. ನಾಚಿಕೆ ಆಗುತ್ತೆ ಅಂತ ಗೊತ್ತು. ಸರ್ಜರಿಯ ವೆಬ್‌ಸೈಟಿನಲ್ಲಿ ಫಾರ್ಮ್ ಇರುತ್ತೆ, ಅಲ್ಲಿ ಬರೆ. 2025ರ ಅಕ್ಟೋಬರ್‌ನಿಂದ ಇಂಗ್ಲೆಂಡಿನ ಸರ್ಜರಿಗಳು ವಾರದ ದಿನಗಳಲ್ಲಿ ಬೆಳಿಗ್ಗೆ ಎಂಟರಿಂದ ಸಂಜೆ ಆರೂವರೆವರೆಗೆ ಅದನ್ನು ತೆರೆದಿಡಬೇಕು. ಮಗು ಮಲಗಿದಾಗ ಕೂತು ಬರೆಯಬಹುದು, ಪಕ್ಕದಲ್ಲಿ ಯಾರೂ ಕೇಳಿಸಿಕೊಳ್ಳುವುದಿಲ್ಲ. ತಾತನಿಗೆ ಏನಾಗಿತ್ತು, ಆಗ ಎಷ್ಟು ವಯಸ್ಸು ಅನ್ನೋದನ್ನ ಮಾತ್ರ ಬಿಡಬೇಡ. ಮೊದಲ ಸಾಲಲ್ಲೇ ಹಾಕು. ನಿಮ್ಮಲ್ಲಿ ಆ ಫಾರ್ಮ್ ಹೇಗಿದೆಯೋ ನನಗೆ ಗೊತ್ತಿಲ್ಲ, ಒಂದೊಂದು ಕಡೆ ಒಂದೊಂದು ಥರ. ತಪ್ಪು ಹೇಳಿದ್ದರೆ ಬೈಯಬೇಡ.

ಇಲ್ಲಿನ ಸರ್ಕಾರಿ ಆರೋಗ್ಯ ಸೇವೆ ಎನ್.ಎಚ್.ಎಸ್.ಗೆ ಮೊದಲೇ ಹೊರೆ, ಪೈಲ್ಸ್‌ಗೆಲ್ಲ ಯಾಕೆ ತೊಂದರೆ ಕೊಡೋದು ಅಂದಿದ್ದೀಯ. ವೀಸಾ ಜೊತೆಗೆ ತಲೆಗೆ ವರ್ಷಕ್ಕೆ 1,035 ಪೌಂಡ್ ಹೆಲ್ತ್ ಸರ್‌ಚಾರ್ಜ್ ಕಟ್ಟಿದವಳು ನೀನು. ಯಾರ ಹಂಗೂ ಅಲ್ಲ ಅದು.

ಬೆಂಗಳೂರಿನಲ್ಲಿ ಬೇಗ ಆಗುತ್ತೆ ಅನ್ನೋದು ನಿಜ. ಸಂಜೆ ಟೋಕನ್ ತಗೊಂಡು ಕೂತರೆ ರಾತ್ರಿಯೊಳಗೆ ಡಾಕ್ಟರ್ ನೋಡಿರುತ್ತಾರೆ, ದುಡ್ಡಿದ್ದರೆ ಮರುದಿನವೇ ಕ್ಯಾಮೆರಾ ಬಿಟ್ಟು ಕರುಳು ನೋಡುವ ಸ್ಕೋಪಿ. ಇಲ್ಲಿನ ನಿಧಾನ ನೋಡಿ ನಾನೂ ಗೊಣಗಿದ್ದೇನೆ. ಆದರೆ ಇದು ಇನ್ನೂ ಮೇ ತಿಂಗಳು. ಡಿಸೆಂಬರ್‌ಗೆ ಏಳು ತಿಂಗಳಿದೆ, ಪುಟ್ಟಿ. ಇಲ್ಲಿ ಎಷ್ಟೇ ಕಾಯಿಸಿದರೂ ಏಳು ತಿಂಗಳಿಗಿಂತ ಬೇಗ ಏನಾದರೂ ಒಂದು ಗೊತ್ತಾಗುತ್ತೆ. ಕ್ಯಾನ್ಸರ್ ಅನುಮಾನ ಬಂದು ತುರ್ತಾಗಿ ಆಸ್ಪತ್ರೆಗೆ ಕಳಿಸಿದರೆ, ಹೌದೋ ಅಲ್ಲವೋ ಅಂತ 28 ದಿನದೊಳಗೆ ಹೇಳಬೇಕು ಅನ್ನೋದು ಇಲ್ಲಿನ ಗುರಿ. ಎಲ್ಲರಿಗೂ ಅಷ್ಟರಲ್ಲಿ ಆಗುತ್ತೆ ಅಂತಲ್ಲ. ನೋಡು, ಆ ಪದ ಬರೆಯಬಾರದು ಅಂತ ಇಷ್ಟು ಹೊತ್ತು ತಡೆದುಕೊಂಡಿದ್ದೆ.

ಅವರು ಮೊದಲು ಬಹುಶಃ ಒಂದು ಕಿಟ್ ಕೊಡುತ್ತಾರೆ. ಫಿಟ್ ಟೆಸ್ಟ್ ಅಂತ, ಮಲದಲ್ಲಿ ಕಣ್ಣಿಗೆ ಕಾಣದ ರಕ್ತ ಇದೆಯಾ ಅಂತ ನೋಡೋದು. ಹೆದರುವಂಥದ್ದೇನಿಲ್ಲ. ನನಗೂ ದೊಡ್ಡಪ್ಪನಿಗೂ ಎರಡು ವರ್ಷಕ್ಕೊಮ್ಮೆ ಪೋಸ್ಟಿನಲ್ಲಿ ಬರುತ್ತೆ, ಇಲ್ಲಿ 50 ದಾಟಿದವರಿಗೆ 74ರವರೆಗೆ ಕಳಿಸುತ್ತಾರೆ. ನಿನ್ನ ವಯಸ್ಸಿನವರಿಗೆ ತಾನಾಗೇ ಬರುವುದಿಲ್ಲ, ನೀನೇ ಹೋಗಿ ಕೇಳಬೇಕು. ಚಿಕ್ಕ ಟ್ಯೂಬು, ಮುಚ್ಚಳಕ್ಕೇ ಒಂದು ಕಡ್ಡಿ ಅಂಟಿಕೊಂಡಿರುತ್ತೆ. ಆ ಕಡ್ಡಿಯಿಂದ ಅಲ್ಲಲ್ಲಿ ಗೀರಿ, ಒಳಗೆ ತೂರಿಸಿ ಮುಚ್ಚೋದು. ಕಮೋಡಿನ ನೀರಿಗೆ ತಾಗದ ಹಾಗೆ ಹಿಡಿಯೋದೇ ದೊಡ್ಡ ಕೆಲಸ. ಐಸ್‌ಕ್ರೀಮಿನ ಹಳೆ ಡಬ್ಬಿ ಇಟ್ಟುಕೋ. ದೊಡ್ಡಪ್ಪ ಮೊದಲ ಸಲ ಕನ್ನಡಕ ಹಾಕಿಕೊಂಡು ಸೂಚನೆ ಓದುತ್ತಾ ಬಾತ್‌ರೂಮಿನಿಂದ ಈಚೆಗೇ ಬರಲಿಲ್ಲ.

ಡಾಕ್ಟರ್ ಪರೀಕ್ಷೆ ಮಾಡಬೇಕು ಅಂದರೆ ಜೊತೆಗೊಬ್ಬಳು ನರ್ಸ್ ಇರಲಿ ಅಂತ ಕೇಳಬಹುದು. ಮುಲಾಮು ಕೊಟ್ಟು ಕಳಿಸಿ, ಆಮೇಲೂ ರಕ್ತ ಬಂದರೆ ಮತ್ತೆ ಹೋಗು. ಮೂರು ಸಲ ಹೋದರೂ ಸರಿಹೋಗದಿದ್ದರೆ ಮೊದಲಿಂದ ಯೋಚಿಸಿ ನೋಡಿ ಅಂತ ಜೆಸ್ಸ್ ರೂಲ್ ಅಂತ ಮಾಡಿದ್ದಾರೆ, 2025ರಲ್ಲಿ. ಎಷ್ಟೋ ಸಲ ಜಿ.ಪಿ.ಯನ್ನು ಸಂಪರ್ಕಿಸಿಯೂ ಕಾಯಿಲೆ ಪತ್ತೆಯಾಗದೆ 27ಕ್ಕೇ ಹೋದ ಹುಡುಗಿಯ ಹೆಸರದು. ನಿನ್ನನ್ನು ಹೆದರಿಸಲು ಬರೆದದ್ದಲ್ಲ. ಹೋಗಲಿ, ಸ್ವಲ್ಪ ಹೆದರಿದರೂ ಪರವಾಗಿಲ್ಲ.

ರಕ್ತ ನಿಲ್ಲದೆ ಹೋಗುತ್ತಿದ್ದರೆ, ತಲೆ ಸುತ್ತಿದರೆ ಫಾರ್ಮೂ ಬೇಡ, ಸರ್ಜರಿಯೂ ಬೇಡ, ಆಂಬುಲೆನ್ಸಿಗೆ 999 ಒತ್ತು. ಹಾಗೆ ಆಗೋಲ್ಲ.

ನಿಮ್ಮಮ್ಮನಿಗೆ ಹೇಳಿಲ್ಲ. ಹೇಳುವುದೂ ಇಲ್ಲ. ತಾತನ ನಂತರ ಅವಳಿಗೆ ಈ ಮಾತು ಕೇಳುವ ಶಕ್ತಿ ಇಲ್ಲ ಅಂತ ನಿನಗೂ ಗೊತ್ತು. ನಿನ್ನ ಗಂಡನಿಗೆ ಹೇಳು. ಹೇಳದೆ ಇಟ್ಟಿದ್ದೀಯ ಅಂತ ನನಗೆ ಅನುಮಾನ.

ನಾಳೆ ಸೋಮವಾರ. ಬೆಳಿಗ್ಗೆ ಫೋನು ಜಾಸ್ತಿ, ಆ ಕ್ಯೂಗೆ ಬೀಳಬೇಡ, ಫಾರ್ಮ್ ತುಂಬು. ಕಳಿಸಿದ ಮೇಲೆ 'ಆಯ್ತು' ಅಂತ ಒಂದು ಮೆಸೇಜ್ ಹಾಕು, ಬೇರೇನೂ ಬರೆಯಬೇಡ. ಬುಧವಾರದೊಳಗೆ ಬರದಿದ್ದರೆ ನಾನೇ ರೈಲು ಹತ್ತುತ್ತೇನೆ. ಸೇಂಟ್ ಪ್ಯಾಂಕ್ರಾಸ್‌ನಲ್ಲಿ ಇಳಿದು ಪ್ಯಾಡಿಂಗ್ಟನ್‌ಗೆ ಹೋಗಿ ಮತ್ತೆ ಹತ್ತಬೇಕು, ಈ ಕಾಲಿನಲ್ಲಿ ಕಷ್ಟ. ಆದರೂ ಬರುತ್ತೇನೆ. ಮೆಂತ್ಯದ ಹಿಟ್ಟು ಆಗ ತರುತ್ತೇನೆ, ಇಲ್ಲದಿದ್ದರೆ ಪೋಸ್ಟಿನಲ್ಲಿ.

ಇಂತಿ,
ನಿನ್ನ ದೊಡ್ಡಮ್ಮ